ಬರೀ ಸಿ ಕೋಡ್ ಇರುವ ಫರ್ಮ್‌ವೇರ್‌ಗೆ ಎಕ್ಸೆಪ್ಶನ್ ಟೇಬಲ್ ಎಲ್ಲಿಂದ ಬಂತು?

ಪ್ರಶ್ನೆ: ಕಾರ್ಟೆಕ್ಸ್-ಎಂ3 ಬೋರ್ಡಿಗೆ ಜಿಸಿಸಿಯಲ್ಲಿ ಬಿಲ್ಡ್ ಮಾಡುತ್ತಿದ್ದೇನೆ. ಮ್ಯಾಪ್ ಫೈಲಿನಲ್ಲಿ (ಕಂಪೈಲಾದ ತುಣುಕುಗಳನ್ನು ಜೋಡಿಸುವ ಲಿಂಕರ್ ಯಾವುದನ್ನು ಎಲ್ಲಿ ಇಟ್ಟಿದೆ ಎಂಬ ವರದಿ) ‘.ಆರ್ಮ್.ಎಕ್ಸಿಡಿಎಕ್ಸ್’ ಎಂಬ 8 ಬೈಟಿನ ಸೆಕ್ಷನ್ ಹೊಸದಾಗಿ ಕಾಣಿಸಿದೆ. ನಾನು ಬರೆದಿರುವುದು ಬರೀ ಸಿ. ಇದನ್ನು ತೆಗೆದುಹಾಕಬಹುದೇ?

ಉತ್ತರ: ತೆಗೆಯುವ ಮೊದಲು ಅದನ್ನು ಎಳೆದು ತಂದದ್ದು ಯಾವುದು ಎಂದು ನೋಡಿ.

ಸಿ ಪ್ಲಸ್ ಪ್ಲಸ್‌ನಲ್ಲಿ ಎಕ್ಸೆಪ್ಶನ್ (ಓಟದ ನಡುವೆ ಬರುವ ದೋಷದ ಸೂಚನೆ) ಎದ್ದಾಗ ಕರೆದವರು, ಅವರನ್ನು ಕರೆದವರು ಎಂದು ಹಿಂದೆ ಹಿಂದೆ ಹೋಗುತ್ತ ಸ್ಟ್ಯಾಕ್ (ಫಂಕ್ಷನ್ ಕರೆಗಳ ಅಡಕಲು) ಬಿಚ್ಚಬೇಕು. ಯಾವ ಫಂಕ್ಷನ್ನನ್ನು ಹೇಗೆ ಬಿಚ್ಚುವುದು ಎಂಬುದರ ಸೂಚಿಯೇ ಈ ಸೆಕ್ಷನ್. ಒಂದೊಂದು ನಮೂದಿಗೂ 8 ಬೈಟ್. ಮೊದಲ 4 ಬೈಟ್ ಫಂಕ್ಷನ್ ಇಲ್ಲಿಂದ ಎಷ್ಟು ದೂರ ಎನ್ನುತ್ತದೆ, ಉಳಿದ 4 ಬಿಚ್ಚುವ ಬಗೆ. ಅಲ್ಲಿ 1 ಎಂದಿದ್ದರೆ ‘ಇಲ್ಲಿಂದ ಹಿಂದಕ್ಕೆ ಬಿಚ್ಚಲು ಆಗದು’ ಎಂದರ್ಥ.

ನಿಮ್ಮ ಸಿ ಕೋಡಿಗೆ ಇದು ಬರುವ ಸಾಮಾನ್ಯ ದಾರಿ 64 ಬಿಟ್ ಭಾಗಾಕಾರ. ಟೈಮರ್ ಟಿಕ್‌ಗಳನ್ನು ಮಿಲಿಸೆಕೆಂಡಿಗೆ ತಿರುಗಿಸುವ ಒಂದು ಸಾಲು ಸಾಕು. ಎಂ3ರಲ್ಲಿ 32 ಬಿಟ್ ಭಾಗಾಕಾರಕ್ಕಷ್ಟೇ ಹಾರ್ಡ್‌ವೇರ್ ಇದೆ; 64 ಬಿಟ್ಟಿನದನ್ನು ಜಿಸಿಸಿಯ ಜೊತೆ ಬರುವ ಲೈಬ್ರರಿ ಲಿಬ್‌ಜಿಸಿಸಿ ಮಾಡಿಕೊಡುತ್ತದೆ. ಆ ಫಂಕ್ಷನ್ನನ್ನು ಎಕ್ಸೆಪ್ಶನ್ ಬೆಂಬಲದೊಂದಿಗೇ ಕಂಪೈಲ್ ಮಾಡಿಟ್ಟಿರುತ್ತಾರೆ. ಹಾಗಾಗಿ ನಿಮ್ಮ ಕೋಡಿಗೆ ಎಕ್ಸೆಪ್ಶನ್ ಬೇಡ ಎಂಬ ಫ್ಲ್ಯಾಗ್ ಕೊಟ್ಟರೂ ಮೊದಲೇ ಸಿದ್ಧವಾದ ಲೈಬ್ರರಿಗೆ ಅದು ತಾಗುವುದಿಲ್ಲ. ಊಹಿಸುತ್ತ ಕೂರಬೇಡಿ: ಮ್ಯಾಪ್ ಫೈಲಿನ ಶುರುವಿನಲ್ಲೇ ಲೈಬ್ರರಿಯ ಯಾವ ಆಬ್ಜೆಕ್ಟ್ ಯಾವ ಸಿಂಬಲ್‌ಗಾಗಿ (ಫಂಕ್ಷನ್ ಅಥವಾ ವಿಳಾಸದ ಹೆಸರು) ಒಳಬಂತು ಎಂಬ ಪಟ್ಟಿ ಇರುತ್ತದೆ. ಬಹಳಷ್ಟು ಜನ ಅದನ್ನು ಓದದೆ ಕೆಳಗಿನ ವಿಳಾಸಗಳಿಗೆ ಜಾರುತ್ತಾರೆ. ಉತ್ತರ ಇರುವುದು ಆ ಪಟ್ಟಿಯಲ್ಲೇ.

ಎಂಟು ಬೈಟಿಗೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು? ಈ ಸೆಕ್ಷನ್ನಿನ ಹೆಸರು ಲಿಂಕರ್ ಸ್ಕ್ರಿಪ್ಟಿನಲ್ಲಿ (ಯಾವ ಸೆಕ್ಷನ್ ಎಲ್ಲಿರಬೇಕೆಂದು ಹೇಳುವ ಫೈಲ್) ಇಲ್ಲದಿದ್ದರೆ ಲಿಂಕರ್ ತಾನೇ ಜಾಗ ಹುಡುಕುತ್ತದೆ, ಸಾಮಾನ್ಯವಾಗಿ ಟೆಕ್ಸ್ಟ್ ಸೆಕ್ಷನ್ನಿನ (ಕೋಡ್ ಇರುವ ಭಾಗ) ಬೆನ್ನಿಗೇ ಕೂರಿಸುತ್ತದೆ. ಡೇಟಾ ಸೆಕ್ಷನ್ನಿನ (ಆರಂಭದ ಬೆಲೆಯುಳ್ಳ ವೇರಿಯಬಲ್‌ಗಳ ಭಾಗ) ಫ್ಲ್ಯಾಶ್ ಪ್ರತಿ ಅಲ್ಲಿಂದ 8 ಬೈಟ್ ಮುಂದೆ ಸರಿಯುತ್ತದೆ. ಆದರೆ ಹಳೆಯ ಸ್ಟಾರ್ಟಪ್ ಕೋಡ್ (ಮೇನ್‌ಗೆ ಮೊದಲು ಓಡಿ ಡೇಟಾವನ್ನು ಫ್ಲ್ಯಾಶ್‌ನಿಂದ ರ‍್ಯಾಮ್‌ಗೆ ತರುವ ಕೋಡ್) ‘ಟೆಕ್ಸ್ಟ್ ಮುಗಿದಲ್ಲೇ ಡೇಟಾ ಶುರು’ ಎಂದು ನಂಬಿ ಅಲ್ಲಿಂದಲೇ ಕಾಪಿ ಮಾಡುತ್ತದೆ. ಒಮ್ಮೆ ನಾನು ಡಿಬಗರ್‌ನಲ್ಲಿ ನೋಡಿದಾಗ ಮೊದಲ ವೇರಿಯಬಲ್‌ನಲ್ಲಿ ಹೆಕ್ಸ್ 7ಎಫ್‌ಎಫ್‌ಎಫ್ ಎಂದು ಶುರುವಾಗುವ ಸಂಖ್ಯೆ, ಎರಡನೆಯದರಲ್ಲಿ 1, ಮೂರನೆಯದರಲ್ಲಿ ಮೊದಲನೆಯದರ ಬೆಲೆ! ರ‍್ಯಾಮ್ ಕೆಟ್ಟಿದೆಯೆಂದು ಎರಡು ದಿನ ಹುಡುಕಿದ್ದೆ. ಆ ಮೊದಲ ಎರಡು ಸಂಖ್ಯೆಗಳು ಈ ಟೇಬಲ್ಲಿನ ಒಂದು ನಮೂದು: ಹಿಂದಿರುವ ಫಂಕ್ಷನ್ನಿಗೆ ಋಣ ದೂರ, ಆಮೇಲೆ ‘ಬಿಚ್ಚಲು ಆಗದು’.

ಆದ್ದರಿಂದ ಸೆಕ್ಷನ್ನಿಗೆ ಸ್ಕ್ರಿಪ್ಟಿನಲ್ಲೇ, ಫ್ಲ್ಯಾಶ್‌ನೊಳಗೆ, ಒಂದು ಜಾಗ ಕೊಡಿ. ಅದರ ಆದಿ ಅಂತ್ಯಕ್ಕೆ ಎಕ್ಸಿಡಿಎಕ್ಸ್ ಸ್ಟಾರ್ಟ್, ಎಂಡ್ ಸಿಂಬಲ್‌ಗಳನ್ನೂ ಇಡಿ. ಸ್ಟಾರ್ಟಪ್ ಕೋಡಿಗೆ ಡೇಟಾದ ಫ್ಲ್ಯಾಶ್ ವಿಳಾಸವನ್ನು ಲಿಂಕರ್‌ನ ಲೋಡ್‌ಆಡರ್ ಫಂಕ್ಷನ್ನಿನಿಂದ ಪಡೆದು ಕೊಡಿ. ಡಿಸ್ಕಾರ್ಡ್‌ಗೆ (ಸೆಕ್ಷನ್ ಬಿಸಾಡಲು ಸ್ಕ್ರಿಪ್ಟಿನಲ್ಲಿರುವ ಜಾಗ) ತಳ್ಳುವುದು ನನಗೆ ಇಷ್ಟವಿಲ್ಲ: ಸ್ಟ್ಯಾಕ್ ಬಿಚ್ಚುವ ಲೈಬ್ರರಿ ಕೋಡೂ ಜೊತೆಗೆ ಬಂದಿದ್ದರೆ ಅದು ಆ ಎರಡು ಸಿಂಬಲ್‌ಗಳನ್ನು ಕೇಳುತ್ತದೆ, ಸಿಗದಿದ್ದರೆ ಲಿಂಕ್ ಮುರಿಯುತ್ತದೆ. ಜಾಗ ಉಳಿಸಲೇಬೇಕಿದ್ದರೆ ಆ ಭಾಗಾಕಾರವನ್ನು 32 ಬಿಟ್ಟಿಗೆ ಇಳಿಸಬಹುದೇ ನೋಡಿ.

ಲಿಂಕರ್‌ಗೆ ಆರ್ಫನ್-ಹ್ಯಾಂಡ್ಲಿಂಗ್ ಆಯ್ಕೆಯಲ್ಲಿ ‘ವಾರ್ನ್’ ಎಂದು ಕೊಟ್ಟುಬಿಡಿ. ಸ್ಕ್ರಿಪ್ಟಿನಲ್ಲಿ ಹೆಸರಿಲ್ಲದ ಸೆಕ್ಷನ್ ಮುಂದೆ ಯಾವುದು ನುಸುಳಿದರೂ ಬಿಲ್ಡ್ ಹೊತ್ತಿಗೇ ಗೊತ್ತಾಗುತ್ತದೆ.