ಪದರಗಳ ಚಿತ್ರ, ಫಾರ್ಮಿನ ಬಿಳಿ ಚೌಕ

ಧಾರವಾಡದಲ್ಲಿ ಕಸೂತಿ ಹಾಕುವ ಮಹಿಳೆಯರ ಚಿಕ್ಕ ಗುಂಪೊಂದಕ್ಕೆ ನಾನು ವಿನ್ಯಾಸಗಳ ಡೇಟಾಬೇಸ್ ಸಿದ್ಧಪಡಿಸಿಕೊಟ್ಟಿದ್ದೆ. ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ ಹೀಗೆ ಪ್ರತಿ ವಿನ್ಯಾಸಕ್ಕೂ ಒಂದು ದಾಖಲೆ. ಆ ದಾಖಲೆಯನ್ನು ಪರದೆಯ ಮೇಲೆ ತೋರಿಸುವ ಪುಟವಾದ ಫಾರ್ಮ್ ತೆರೆದರೆ ಹೊಲಿಗೆಯ ಬಗೆ, ದಾರದ ಬಣ್ಣಗಳ ಜೊತೆಗೆ ಚಿತ್ರವೂ ಕಾಣಬೇಕು. ಚಿತ್ರಗಳನ್ನು ಪದರ ಪದರವಾಗಿ ರಚಿಸಿದ್ದೆವು: ತಳದಲ್ಲಿ ಚಂದ್ರಕಾಳಿ ಸೀರೆಯ ಕಪ್ಪು, ಅದರ ಮೇಲೆ ಎಳೆ ಎಣಿಸುವ ಚೌಕಳಿ, ಅದಕ್ಕೂ ಮೇಲೆ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಹೊಲಿಗೆಗಳಿಗೆ ಒಂದೊಂದು ಪದರ. ಹೊಸದಾಗಿ ಕಲಿಯುವವರಿಗೆ ಒಂದೇ ಹೊಲಿಗೆಯನ್ನು ಬಿಡಿಸಿ ತೋರಿಸಲು ಇದಕ್ಕಿಂತ ಒಳ್ಳೆಯ ವಿಂಗಡಣೆ ನನಗೆ ತೋಚಲಿಲ್ಲ. ಆದರೆ ಫಾರ್ಮ್ ತೆರೆದಾಗ ಕೆಲವು ದಾಖಲೆಗಳಲ್ಲಿ ಬರಿಯ ಬಿಳಿ ಚೌಕವಿತ್ತು, ಕೆಲವುಗಳಲ್ಲಿ ಬಿಳಿ ದಾರದ ಹೊಲಿಗೆಗಳಷ್ಟೇ ಮಾಯವಾಗಿದ್ದವು, ಇನ್ನು ಕೆಲವುಗಳಲ್ಲಿ ದಾರದ ಅಂಚಿನುದ್ದಕ್ಕೂ ಬೆಳ್ಳನೆಯ ಗೆರೆ ಮೂಡಿತ್ತು.

ಬಿಳಿ ಚೌಕದ ಕಾರಣ ಕಡತದ ರಚನೆಯಲ್ಲಿದೆ. ನಾವು ಬಳಸಿದ್ದು ಫೋಟೋಶಾಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದ ಪಿಎಸ್‌ಡಿ ಕಡತಗಳನ್ನು; ಪದರಗಳನ್ನು ಬಿಡಿಬಿಡಿಯಾಗಿ ಉಳಿಸುವ ಈ ಬಗೆಯ ಕಡತವು 26 ಬೈಟ್‌ಗಳ ತಲೆಬರಹದಿಂದ ಆರಂಭವಾಗಿ ಒಟ್ಟು ಐದು ಭಾಗಗಳಲ್ಲಿ ಮುಗಿಯುತ್ತದೆ. ಪದರಗಳೆಲ್ಲ ನಾಲ್ಕನೆಯ ಭಾಗದಲ್ಲಿರುತ್ತವೆ. ಐದನೆಯದರಲ್ಲಿ ಅವೆಲ್ಲವನ್ನೂ ಬೆರೆಸಿದ ಒಂದೇ ಚಪ್ಪಟೆ ಚಿತ್ರವಿರುತ್ತದೆ. ಪದರಗಳನ್ನು ತಾನೇ ಜೋಡಿಸಿ ಲೆಕ್ಕ ಹಾಕುವುದು ಶ್ರಮದ ಕೆಲಸವಾದ್ದರಿಂದ, ಪಿಎಸ್‌ಡಿ ಓದಬಲ್ಲ ಅನೇಕ ಸರಳ ತಂತ್ರಾಂಶಗಳು ಈ ಐದನೆಯ ಭಾಗವನ್ನು ಮಾತ್ರ ನೋಡುತ್ತವೆ. ಕಡತದ ಗಾತ್ರ ತಗ್ಗಲೆಂದು, ಉಳಿಸುವಾಗ ಬೆರೆಸಿದ ಚಿತ್ರವನ್ನು ಬರೆಯುವ ಆಯ್ಕೆಯನ್ನು ನಾವು ತೆಗೆದುಹಾಕಿದ್ದೆವು. ಹಾಗಾಗಿ ಆ ಜಾಗದಲ್ಲಿ ಬಿಳುಪಷ್ಟೇ ಉಳಿದಿತ್ತು. ಆಯ್ಕೆಯನ್ನು ಮರಳಿ ಹಾಕಿ ಕಡತಗಳನ್ನು ಇನ್ನೊಮ್ಮೆ ಉಳಿಸಿದಾಗ ಚಿತ್ರಗಳು ಬಂದವು.

ಉಳಿದೆರಡು ದೋಷಗಳನ್ನು ತಿಳಿಯಲು ಪಾರದರ್ಶಕತೆಯ ಲೆಕ್ಕವನ್ನು ನೋಡಬೇಕು. ಪ್ರತಿ ಪಿಕ್ಸೆಲ್‌ಗೆ, ಅಂದರೆ ಚಿತ್ರದ ಪ್ರತಿ ಚುಕ್ಕೆಗೆ, ಕೆಂಪು, ಹಸಿರು, ನೀಲಿಯ ಜೊತೆಗೆ ಆಲ್ಫಾ ಎಂಬ ನಾಲ್ಕನೆಯ ಸಂಖ್ಯೆಯೂ ಇರಬಹುದು. ಆ ಪಿಕ್ಸೆಲ್ ತನ್ನ ಕೆಳಗಿನದನ್ನು ಎಷ್ಟು ಮರೆಮಾಡುತ್ತದೆ ಎಂಬುದನ್ನು ಅದು ಹೇಳುತ್ತದೆ. ಇಂತಹ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಬೀಜಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಪ್ರಕಟಿಸಿದರು. ಮೇಲಿನ ಬಣ್ಣವನ್ನು ಆಲ್ಫಾದಿಂದ ಗುಣಿಸಿ, ತಳದ ಬಣ್ಣವನ್ನು ಉಳಿದ ಪಾಲಿನಿಂದ ಗುಣಿಸಿ, ಎರಡನ್ನೂ ಕೂಡಬೇಕು. ಕಪ್ಪು ಸೀರೆಯ ಪದರವನ್ನು ಮುಚ್ಚಿಟ್ಟು ಹೊಲಿಗೆಗಳನ್ನು ಮಾತ್ರ, ಆಲ್ಫಾವನ್ನು ಉಳಿಸಿಕೊಳ್ಳಬಲ್ಲ ಪಿಎನ್‌ಜಿ ಕಡತವಾಗಿ ಉಳಿಸಿದಾಗ, ಫಾರ್ಮಿನ ಬಿಳಿ ಹಿನ್ನೆಲೆಯೇ ತಳವಾಗುತ್ತದೆ. ಬಿಳಿಯ ಮೇಲೆ ಬಿಳಿ ದಾರ ಕಾಣುವುದಾದರೂ ಹೇಗೆ?

ಅಂಚಿನ ಗೆರೆಯ ಲೆಕ್ಕ ಇನ್ನೂ ಸ್ವಾರಸ್ಯಕರ. ದಾರದ ಅಂಚು ನುಣುಪಾಗಿ ಕಾಣಲೆಂದು ಅಲ್ಲಿನ ಪಿಕ್ಸೆಲ್‌ಗಳನ್ನು ಅರೆಪಾರದರ್ಶಕವಾಗಿ ಇಡಲಾಗುತ್ತದೆ. ಕಪ್ಪಿನ ಮೌಲ್ಯ 0, ಬಿಳಿಯದು 255; ದಾರದ ಕೆಂಪಿನ ಮೌಲ್ಯ 200, ಆಲ್ಫಾ ಅರ್ಧ ಎಂದುಕೊಳ್ಳೋಣ. ಕಪ್ಪಿನ ಮೇಲೆ ಅದು 100 ಆಗುತ್ತದೆ. ಬಿಳಿಯ ಮೇಲೆ, 200 ಮತ್ತು 255ರ ನಡುವಿನ ಸುಮಾರು 228 ಆಗುತ್ತದೆ. ಒಮ್ಮೆ ಬಿಳಿಯ ಮೇಲೆ ಬೆರೆಸಿ ಆಲ್ಫಾವನ್ನು ಕಳೆದುಕೊಂಡ ಚಿತ್ರವನ್ನು, ಆಮೇಲೆ ದಾರವನ್ನಷ್ಟೇ ಕತ್ತರಿಸಿ ಕಪ್ಪಿನ ಮೇಲಿಟ್ಟರೆ, 100 ಇರಬೇಕಾದಲ್ಲಿ 228 ಉಳಿದು ಬೆಳ್ಳನೆಯ ಗೆರೆಯಾಗುತ್ತದೆ. ಇದಕ್ಕೆ ತದ್ವಿರುದ್ಧವಾದ ದೋಷವೂ ಉಂಟು: ಕೆಲವು ತಂತ್ರಾಂಶಗಳು ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿ 100 ಎಂದೇ ಇಟ್ಟಿರುತ್ತವೆ, ಓದುವ ತಂತ್ರಾಂಶವು ಅದನ್ನು ತಿಳಿಯದೆ ಮತ್ತೊಮ್ಮೆ ಗುಣಿಸಿದರೆ 50 ಆಗಿ, ಅಂಚು ಕಪ್ಪಿಡುತ್ತದೆ. ಜೆಪೆಗ್ ಕಡತದಲ್ಲಿ ಆಲ್ಫಾಕ್ಕೆ ಸ್ಥಳವೇ ಇಲ್ಲ. ಅದನ್ನು ಉಳಿಸುವ ಮುನ್ನವೇ ಸರಿಯಾದ ತಳದ ಮೇಲೆ ಬೆರೆಸಿರಬೇಕು. ಗದಗಿನ ಮುದ್ರಣಾಲಯಕ್ಕೆಂದು ನಾಲ್ಕು ಶಾಯಿಗಳ ಬಣ್ಣದಲ್ಲಿ ಸಿದ್ಧಪಡಿಸಿದ ಪ್ರತಿಯನ್ನು ಫಾರ್ಮಿಗೆ ತರುವ ಮುನ್ನ ಪರದೆಯ ಬಣ್ಣಕ್ಕೆ ಬದಲಿಸಿಕೊಳ್ಳುವುದೂ ಅಗತ್ಯ.

ಕೊನೆಗೆ ನಾವು ಪದರಗಳ ಮೂಲ ಕಡತವನ್ನು ಡೇಟಾಬೇಸಿನ ಹೊರಗೆ, ಒಂದು ಫೋಲ್ಡರಿನಲ್ಲಿ ಇಟ್ಟೆವು. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಒಂದೇ ಪದರ, ಕುಗ್ಗಿಸದೆ ಇಟ್ಟರೆ, ಪಿಕ್ಸೆಲ್‌ಗೆ 4 ಬೈಟ್‌ನಂತೆ 4 ಕೋಟಿ 80 ಲಕ್ಷ ಬೈಟ್ ಹಿಡಿಯುತ್ತದೆ. ಆರು ಪದರಗಳ ಇಂತಹ ಚಿತ್ರಗಳನ್ನು ದಾಖಲೆಯೊಳಗೆ ತುಂಬುವುದು ನನಗೆ ಸರಿಯೆನಿಸಲಿಲ್ಲ. ದಾಖಲೆಯಲ್ಲಿರುವುದು ಮೂಲ ಕಡತದ ವಿಳಾಸ, ಅದು ತಿದ್ದುಪಡಿಯಾದ ಸಮಯ, ಮತ್ತು ಕಪ್ಪಿನ ಮೇಲೆ ಬೆರೆಸಿದ ಚಪ್ಪಟೆ ಪ್ರತಿ. ಮೂಲದ ಸಮಯ ಬದಲಾಗಿದ್ದರೆ ಫಾರ್ಮ್ ತೆರೆಯುವಾಗಲೇ ಹೊಸ ಪ್ರತಿ ತಯಾರಾಗುತ್ತದೆ. ಬಿಡಿ ಹೊಲಿಗೆಗಳಿಗೆ ಪ್ರತ್ಯೇಕ ಪಿಎನ್‌ಜಿಗಳಿವೆ. ಪಿಎಸ್‌ಡಿಯಲ್ಲಿ ಪ್ರತಿ ಪದರವೂ ತನ್ನ ಆಯತದಷ್ಟೇ ಜಾಗದ ಪಿಕ್ಸೆಲ್‌ಗಳನ್ನು ಇಟ್ಟುಕೊಂಡು, ಅದರ ಸ್ಥಾನವನ್ನು ಬೇರೆಯಾಗಿ ಬರೆದಿರುತ್ತದೆ. ಆ ಸ್ಥಾನವನ್ನು ಕೈಬಿಟ್ಟು ಪದರವನ್ನು ಹೊರತೆಗೆದರೆ ಹೊಲಿಗೆ ಮೂಲೆಗೆ ಸರಿದುಬಿಡುತ್ತದೆ. ಆದ್ದರಿಂದ ಎಲ್ಲ ಪಿಎನ್‌ಜಿಗಳನ್ನೂ ಪೂರ್ಣ ಚಿತ್ರದ ಅಳತೆಯಲ್ಲೇ ಉಳಿಸಿದೆವು. ಫಾರ್ಮಿಗಾಗಿ ಕಿರಿದು ಮಾಡುವಾಗ ಸರಿಯಾಗಿ ನಾಲ್ಕನೆಯ ಒಂದು ಪಾಲಿಗೆ, ಅಂದರೆ 1000 ಅಗಲಕ್ಕೆ ಇಳಿಸಿದೆವು. ಮೂಲದಲ್ಲಿ ಚೌಕಳಿಯ ಗೆರೆಗಳು 4 ಪಿಕ್ಸೆಲ್ ದಪ್ಪವಾಗಿ, ನಾಲ್ಕರ ಗುಣಕದ ಅಂತರದಲ್ಲಿದ್ದುದರಿಂದ, ಪರದೆಯ ಮೇಲೆಯೂ ಅವು ಸಮನಾಗಿ ನಿಂತು, ಗೋಪುರದ ಗವಂತಿ ಹೊಲಿಗೆಯನ್ನು ಎಳೆ ಎಳೆಯಾಗಿ ಎಣಿಸಬಹುದಾಯಿತು.