ಪಿಎಸ್ ಕಂಟ್ರೋಲರ್ ಎಕ್ಸ್‌ಬಾಕ್ಸ್‌ಗೆ ಹತ್ತುತ್ತಾ?

ಪ್ರಶ್ನೆ: "ಅಣ್ಣಾರ, ನನ್ನ ಕಡೆ ಪಿಎಸ್4 ಐತ್ರಿ, ಎರಡು ಕಂಟ್ರೋಲರ್ ಅದಾವು. ನಮ್ಮ ಕಾಕಾನ ಮಗ ಮೊನ್ನೆ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ತಗೊಂಡಾನ. ಅದರ ಜೋಡಿ ಒಂದ ಕಂಟ್ರೋಲರ್ ಬಂದೈತಿ. ಇಬ್ಬರೂ ಕೂಡಿ ಆಡಬೇಕಂದ್ರ ನನ್ನ ಕಂಟ್ರೋಲರ್ ಒಯ್ದು ಅದಕ್ಕ ಹಚ್ಚಿದ್ರ ಹತ್ತತೈತೇನ್ರಿ? ಇಲ್ಲಾ ಹೊಸಾದ ತಗೋಬೇಕೇನು?" ಹೀಗೆ ಕೇಳಿದವರು ಗದಗ-ಬೆಟಗೇರಿಯ ಓದುಗರೊಬ್ಬರು. (ಪಿಎಸ್ ಅಂದ್ರೆ ಸೋನಿ ಕಂಪನಿಯ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟ್‌ನದು. ಎರಡೂ ಟಿವಿಗೆ ಹಚ್ಚಿ ಗೇಮ್ ಆಡೋ ಡಬ್ಬಿಗಳು. ಕಂಟ್ರೋಲರ್ ಅಂದ್ರೆ ಕೈಯಲ್ಲಿ ಹಿಡಿದು ಆಡೋ ಬಟನ್‌ಗಳ ಸಾಧನ.)

ಉತ್ತರ: ಹತ್ತೂದಿಲ್ಲ ತಮ್ಮಾ. ವೈರ್ ಹಾಕಿದರೂ ಇಲ್ಲ, ಬ್ಲೂಟೂತ್ ಹಚ್ಚಿದರೂ ಇಲ್ಲ.

ಇದೇ ಪ್ರಶ್ನೆ ಹೆಸರು ಬದಲಿಸಿಕೊಂಡು ಬರ್ತಾನೇ ಇರುತ್ತೆ. ಎಕ್ಸ್‌ಬಾಕ್ಸ್‌ನದು ಪಿಎಸ್5ಗೆ ನಡೆಯುತ್ತಾ, ಪಿಎಸ್4ನದು ನಿಂಟೆಂಡೊ ಕಂಪನಿಯ ಸ್ವಿಚ್‌ಗೆ ನಡೆಯುತ್ತಾ, ಹಳೇ ಕಂಟ್ರೋಲರ್ ಹೊಸ ಡಬ್ಬಿಗೆ ನಡೆಯುತ್ತಾ ಅಂತ. ಎಲ್ಲಕ್ಕೂ ಒಂದೇ ಉತ್ತರ ಇಲ್ಲ. ಯಾವುದನ್ನ ಒಯ್ದು ಯಾವುದಕ್ಕೆ ಹಚ್ಚುತ್ತೀರಿ ಅನ್ನೋದರ ಮೇಲೆ ನಿಂತಿದೆ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ಪೇಚಿಗೆ ನಾನೂ ಸಿಕ್ಕಿದವನೇ.

ಎರಡು ವರ್ಷದ ಹಿಂದಿನ ದೀಪಾವಳಿ ರಜೆ. ಹುಬ್ಬಳ್ಳಿ ಕೇಶ್ವಾಪುರದಲ್ಲಿರೋ ಅತ್ತೆ ಮನೆಗೆ ಎಕ್ಸ್‌ಬಾಕ್ಸ್ ಬಂದಿತ್ತು. ನಾನು ಧಾರವಾಡದಿಂದ ನನ್ನ ಎರಡು ಡ್ಯುಯಲ್‌ಶಾಕ್ 4, ಅಂದ್ರೆ ಪಿಎಸ್4ನ ಕಂಟ್ರೋಲರ್‌ಗಳನ್ನ ಟವೆಲ್‌ನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಚಿಗರಿ ಬಸ್ ಹತ್ತಿ ಹೋದೆ. ಬ್ಲೂಟೂತ್ ಅಂದ್ರೆ ಬ್ಲೂಟೂತ್, ಅದರಲ್ಲಿ ನಿಂದು ನಂದು ಏನಿದೆ ಅನ್ನೋ ಧೈರ್ಯ ನನಗೆ. ಪಿಎಸ್ ಬಟನ್, ಶೇರ್ ಬಟನ್ ಎರಡೂ ಒಟ್ಟಿಗೆ ಒತ್ತಿ ಹಿಡಿದೆ. ಮುಂದಿನ ಲೈಟು ಪಕಪಕ ಹೊಡೆದುಕೊಂಡಿತು. ಎಕ್ಸ್‌ಬಾಕ್ಸ್ ತಿರುಗಿ ಕೂಡ ನೋಡಲಿಲ್ಲ. ಸರಿ ಅಂತ ವೈರ್ ಹಾಕಿದೆ. ಕಿತ್ತಳೆ ಬಣ್ಣದ ಲೈಟು ನಿಧಾನಕ್ಕೆ ಉಸಿರಾಡೋಕೆ ಶುರು ಮಾಡಿತು, ಟಿವಿ ಮೇಲೆ ಮಾತ್ರ ಏನೂ ಅಲುಗಾಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದ ಅತ್ತೆ ಕೇಳಿದ್ರು: "ಚಾರ್ಜ್ ಆಗಾಕತ್ತೈತಲ್ಲೋ, ಮತ್ತ ಆಟಕ್ಕ ಯಾಕ ಹತ್ತವಲ್ದು?"

ಆವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಈಗ ಇದೆ.

ಹುಬ್ಬಳ್ಳಿ ಸ್ಟೇಷನ್‌ಗೆ ಹೋಗಿ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡ್ರೆ ಒಳಗೆ ಬಿಡ್ತಾರೆ. 2023ರಲ್ಲಿ ಉದ್ಘಾಟನೆ ಆದ ಆ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮೇಲೆ ಈ ತುದಿಯಿಂದ ಆ ತುದಿಗೆ ಅಡ್ಡಾಡಬಹುದು, ಚಹಾ ಕುಡೀಬಹುದು, ಆದರೆ ಆ ಟಿಕೆಟ್ ಇಟ್ಕೊಂಡು ರೈಲು ಹತ್ತೋ ಹಾಗಿಲ್ಲ. ಯುಎಸ್‌ಬಿ ವೈರ್ ಕೂಡ ಅಷ್ಟೇ. ಕರೆಂಟ್ ಕೊಡೋಕೆ ಯಾರನ್ನೂ ಏನೂ ಕೇಳಲ್ಲ, ಅದಕ್ಕೇ ಚಾರ್ಜ್ ಆಗುತ್ತೆ. ಆಟದ ಒಳಗೆ ಹೋಗಬೇಕಂದ್ರೆ ಬೇರೆ ಟಿಕೆಟ್ ಬೇಕು. ಎಕ್ಸ್‌ಬಾಕ್ಸ್ ಕಂಟ್ರೋಲರ್ ಒಳಗೆ, ಅಥವಾ ಮೈಕ್ರೋಸಾಫ್ಟ್ ಲೈಸೆನ್ಸ್ ಕೊಟ್ಟ ಬೇರೆ ಕಂಪನಿಯ ಕಂಟ್ರೋಲರ್ ಒಳಗೆ, ಒಂದು ಸಣ್ಣ ಸೆಕ್ಯುರಿಟಿ ಚಿಪ್ ಇರುತ್ತೆ. ಹಚ್ಚಿದ ಕೂಡಲೇ ಡಬ್ಬಿ ಅದನ್ನ ವಿಚಾರಿಸುತ್ತೆ. ಸರಿಯಾದ ಉತ್ತರ ಬಂದ್ರೆ ಆಟ, ಇಲ್ಲಾಂದ್ರೆ ಸುಮ್ನೆ ಚಾರ್ಜ್.

ಹಾಗಾದ್ರೆ ಬ್ಲೂಟೂತ್ ಯಾಕೆ ಹತ್ತಲಿಲ್ಲ? ಅಲ್ಲಿ ಕಥೆ ಇನ್ನೂ ಸರಳ. ಎಕ್ಸ್‌ಬಾಕ್ಸ್ ಡಬ್ಬಿ ಬ್ಲೂಟೂತ್ ಕಂಟ್ರೋಲರ್ ಮಾತನ್ನ ಕೇಳಿಸಿಕೊಳ್ಳೋದೇ ಇಲ್ಲ. ಅದಕ್ಕೆ ತನ್ನದೇ ವೈರ್‌ಲೆಸ್ ಪದ್ಧತಿ ಇದೆ. "ಮತ್ತೆ ನನ್ನ ಎಕ್ಸ್‌ಬಾಕ್ಸ್ ಕಂಟ್ರೋಲರ್ ಫೋನಿಗೆ ಬ್ಲೂಟೂತ್‌ನಲ್ಲೇ ಕನೆಕ್ಟ್ ಆಗುತ್ತಲ್ಲ" ಅಂತೀರಾ? ಹೌದು, 2016ರಲ್ಲಿ ಎಕ್ಸ್‌ಬಾಕ್ಸ್ ಒನ್ ಎಸ್ ಜೊತೆ ಬಂದ ಕಂಟ್ರೋಲರ್‌ನಿಂದ ಈಚೆಗೆ ಎರಡೂ ಇವೆ, ಡಬ್ಬಿಗೆ ಒಂದು ದಾರಿ, ಫೋನು ಕಂಪ್ಯೂಟರಿಗೆ ಬ್ಲೂಟೂತ್. ನಿಮ್ಮದರಲ್ಲಿ ಬ್ಲೂಟೂತ್ ಇದೆಯೋ ಇಲ್ಲವೋ ಅಂತ ತಿಳೀಬೇಕಂದ್ರೆ ನಡುವಿನ ಎಕ್ಸ್‌ಬಾಕ್ಸ್ ಲೋಗೋ ಇರೋ ಬಟನ್ ಸುತ್ತ ನೋಡಿ. ಅದು ಮೇಲಿನ ಬಂಪರ್‌ನ (ತೋರುಬೆರಳಿಗೆ ಸಿಗೋ ಅಂಚಿನ ಬಟನ್) ಹೊಳಪಿನ ಪ್ಲಾಸ್ಟಿಕ್‌ನಲ್ಲಿ ಸೇರಿಕೊಂಡಿದ್ರೆ ಹಳೇದು, ಬ್ಲೂಟೂತ್ ಇಲ್ಲ. ಕಂಟ್ರೋಲರ್‌ನ ಮುಖದ ಪ್ಲಾಸ್ಟಿಕ್‌ನಲ್ಲೇ ಬಟನ್ ಕೂತಿದ್ರೆ ಇದೆ.

ಮೊದಲು ಇಷ್ಟೊಂದು ಬಿಗಿ ಇರಲಿಲ್ಲ ಅನ್ನೋದೇ ಇದರಲ್ಲಿನ ಮಜಾ. ಅಮೆರಿಕದಲ್ಲಿ 1977ರಲ್ಲಿ ಬಂದ ಅಟಾರಿ 2600 ಅನ್ನೋ ಗೇಮ್ ಡಬ್ಬಿಗೆ ಒಂಬತ್ತು ಪಿನ್ನಿನ ಪ್ಲಗ್ ಇತ್ತು. ಎಷ್ಟೋ ವರ್ಷ ಆದಮೇಲೆ ಬಂದ ಸೆಗಾ ಕಂಪನಿಯ ಮೆಗಾ ಡ್ರೈವ್‌ಗೂ ಅದೇ ಆಕಾರದ ಪ್ಲಗ್. ಮೆಗಾ ಡ್ರೈವ್ ಕಂಟ್ರೋಲರನ್ನ ಅಟಾರಿಗೆ ಹಾಕಿದ್ರೆ ಆಟ ನಡೆಯುತ್ತೆ, ಬಿ ಬಟನ್ ಗುಂಡು ಹೊಡೆಯುತ್ತೆ. ಅಷ್ಟು ಹಿಂದಕ್ಕೆ ಹೋಗೋದೂ ಬೇಡ. 2006ರ ಪಿಎಸ್3 ಕೂಡ ಪೇಟೆಯಲ್ಲಿ ಸಿಗೋ ಸಾದಾ ಯುಎಸ್‌ಬಿ ಕಂಟ್ರೋಲರನ್ನ ಒಪ್ಪುತ್ತಿತ್ತು, ನಡುವಿನ ಪಿಎಸ್ ಬಟನ್ ಒಂದು ಇರ್ತಿರಲಿಲ್ಲ ಅಷ್ಟೇ. 2013ರ ಪಿಎಸ್4ನಿಂದ ಸೋನಿ ಬಾಗಿಲು ಬಿಗಿ ಮಾಡಿತು. ಲೈಸೆನ್ಸ್ ಇಲ್ಲದ ಫೈಟ್‌ಸ್ಟಿಕ್ (ಫೈಟಿಂಗ್ ಗೇಮ್‌ಗೆ ಅಂತಲೇ ಇರೋ ದೊಡ್ಡ ಕಂಟ್ರೋಲರ್) ಹಾಕಿದ್ರೆ ಎಂಟು ನಿಮಿಷ ನಡೆದು ಆಮೇಲೆ ಕೈ ಕೊಡ್ತಿತ್ತು. ಫೈಟಿಂಗ್ ಗೇಮ್ ಆಡೋರು ಅದನ್ನ ಇವತ್ತಿಗೂ ಮರೆತಿಲ್ಲ.

ಯಾಕೆ ಹೀಗೆ ಅಂದ್ರೆ ಒಂದು ದುಡ್ಡು, ಬೇರೆ ಕಂಪನಿ ಕಂಟ್ರೋಲರ್ ಮಾಡಿದ್ರೆ ಲೈಸೆನ್ಸ್ ಫೀ ಬರಬೇಕು. ಇನ್ನೊಂದು ಮೋಸದಾಟ. ಕಂಟ್ರೋಲರ್‌ಗೂ ಡಬ್ಬಿಗೂ ನಡುವೆ ಸಿಗಿಸಿ, ಆಟದಲ್ಲಿ ಬಂದೂಕಿನ ಒದೆತವನ್ನೇ ಇಲ್ಲದ ಹಾಗೆ ಮಾಡೋ ಸಾಧನಗಳು ಬಂದವು, ಆನ್‌ಲೈನ್‌ನಲ್ಲಿ ನಿಯತ್ತಾಗಿ ಆಡೋರು ಬೇಸತ್ತು ಹೋದರು. ಎರಡರಲ್ಲಿ ಯಾವುದರ ತೂಕ ಜಾಸ್ತಿ ಅಂತ ಕೇಳಿದ್ರೆ, ನಾನು ದುಡ್ಡಿನ ಕಡೆಗೇ ಕೈ ತೋರಿಸ್ತೀನಿ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಡುವೆ ಹಾಕೋ ಅಡಾಪ್ಟರ್ ಅಂತ ಒಂದು ಸಿಗುತ್ತೆ. ಬ್ರೂಕ್ ಕಂಪನಿಯ ವಿಂಗ್‌ಮ್ಯಾನ್ ಎಕ್ಸ್‌ಬಿ ಅಂಥದ್ದು, ಪಿಎಸ್ ಕಂಟ್ರೋಲರನ್ನ ಎಕ್ಸ್‌ಬಾಕ್ಸ್‌ಗೆ ಅದರ ಭಾಷೆಯಲ್ಲೇ ಪರಿಚಯ ಮಾಡಿಸೋಕೆ ಇರೋ ಯುಎಸ್‌ಬಿ ತುಂಡು. ಆದರೆ ಇದನ್ನ ತಗೊಳ್ಳಿ ಅಂತ ನಾನು ಹೇಳಲ್ಲ. 2023ರ ನವೆಂಬರ್‌ನಿಂದ ಎಕ್ಸ್‌ಬಾಕ್ಸ್ ಪರವಾನಗಿ ಇಲ್ಲದ ಸಾಧನ ಕಂಡ್ರೆ ಟಿವಿ ಮೇಲೆ ಎಚ್ಚರಿಕೆ ಹಾಕಿ, ಎರಡು ವಾರ ಟೈಮ್ ಕೊಟ್ಟು, ಆಮೇಲೆ ಅದನ್ನ ಬಂದ್ ಮಾಡೋ ಪದ್ಧತಿ ತಂದಿದೆ. ಡಬ್ಬಿಗೊಂದು ಅಪ್‌ಡೇಟ್ ಬಂತು, ಅಡಾಪ್ಟರ್ ಮುನಿಸಿಕೊಂಡಿತು ಅಂದ್ರೆ ಅದನ್ನ ವಿಂಡೋಸ್ ಕಂಪ್ಯೂಟರಿಗೆ ಹಾಕಿ ಹೊಸ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ತುಂಬಬೇಕು, ಅದೂ ಕಂಪನಿ ಬಿಟ್ಟಿದ್ದರೆ. ಇಷ್ಟೆಲ್ಲ ಜಂಜಾಟ ಒಂದು ಭಾನುವಾರದ ಫುಟ್‌ಬಾಲ್ ಆಟಕ್ಕೆ ಯಾಕೆ?

ಅದರ ಬದಲು ಸೆಕೆಂಡ್‌ಹ್ಯಾಂಡ್ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಹುಡುಕಿ. 2013ರಿಂದ ಈಚೆಗೆ ಬಂದ ಯಾವುದೇ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಸೀರೀಸ್ ಎಸ್‌ಗೆ ನೇರವಾಗಿ ಹತ್ತುತ್ತೆ, ಹೊಸ ಗೇಮ್‌ಗಳಿಗೂ ಸೇರಿ. ಇದರಲ್ಲಿ ಮೈಕ್ರೋಸಾಫ್ಟ್ ಒಳ್ಳೆ ಕೆಲಸ ಮಾಡಿದೆ, ಒಪ್ಕೋಬೇಕು. ತಗೊಳ್ಳೋವಾಗ ಮಾತ್ರ ಕಣ್ಣು ತೆರೆದಿಟ್ಟಿರಿ. ನನಗೆ ಒಬ್ಬ ಅಂಗಡಿಯವರು "ಎಲ್ಲಾ ಎಕ್ಸ್‌ಬಾಕ್ಸ್‌ಗೂ ನಡೀತೈತ್ರಿ ಸರ" ಅಂತ ಎಕ್ಸ್‌ಬಾಕ್ಸ್ 360 ಕಂಟ್ರೋಲರ್ ಕಟ್ಟಿ ಕೊಟ್ಟಿದ್ದರು. ಮನೆಗೆ ಬಂದು ನೋಡಿದ್ರೆ ಎಕ್ಸ್‌ಬಾಕ್ಸ್ ಒನ್, ಸೀರೀಸ್ ಯಾವುದಕ್ಕೂ ಹತ್ತಲ್ಲ. 360ನದು ಗುರುತಿಸೋದು ಸುಲಭ: ನಡುವಿನ ಬಟನ್ ಸುತ್ತ ನಾಲ್ಕು ತುಂಡಾಗಿ ಹಸಿರು ಲೈಟಿನ ಉಂಗುರ ಇರುತ್ತೆ. ಅದು ಕಂಡ್ರೆ ವಾಪಸ್ ಕೊಟ್ಟು ಬನ್ನಿ. ಎರಡು ಎಎ ಸೆಲ್ ಜೇಬಲ್ಲಿ ಒಯ್ದಿರಿ, ಅಲ್ಲೇ ಹಾಕಿ ನೋಡಿ, ಎರಡೂ ಸ್ಟಿಕ್ ಬಿಟ್ಟಮೇಲೆ ನೆಟ್ಟಗೆ ನಡುವಿಗೆ ಬಂದು ನಿಲ್ಲುತ್ತಾ ಅಂತ ಕೂಡ.

ಉಲ್ಟಾ ದಾರಿ, ಅಂದ್ರೆ ಎಕ್ಸ್‌ಬಾಕ್ಸ್ ಕಂಟ್ರೋಲರನ್ನ ಪಿಎಸ್4, ಪಿಎಸ್5ಗೆ ಹಚ್ಚೋದು, ಅದೂ ನೇರವಾಗಿ ಇಲ್ಲ. ಆದರೆ ಪಿಎಸ್5 ಇರೋರು ಬೀಳೋ ಗುಂಡಿ ಬೇರೆ, ಅಲ್ಲಿ ಸ್ವಂತ ಮನೆಯವರೇ ಒಬ್ಬರಿಗೊಬ್ಬರು ಆಗಿಬರಲ್ಲ. ಹಳೇ ಡ್ಯುಯಲ್‌ಶಾಕ್ 4 ಪಿಎಸ್5ಗೆ ಕನೆಕ್ಟ್ ಆಗುತ್ತೆ, ಮೆನುವಿನಲ್ಲಿ ಓಡಾಡುತ್ತೆ, ಪಿಎಸ್4 ಗೇಮ್‌ಗಳನ್ನ ಆಡಿಸುತ್ತೆ. ಪಿಎಸ್5 ಗೇಮ್ ತೆಗೆದ ಕೂಡಲೇ ಡ್ಯುಯಲ್‌ಸೆನ್ಸ್ (ಪಿಎಸ್5ನದೇ ಕಂಟ್ರೋಲರ್) ತಗೊಂಡು ಬಾ ಅನ್ನುತ್ತೆ. ಮೆನು ನಡೆಯಿತು ಅಂತ ಖುಷಿಯಾಗಿ ದುಡ್ಡು ಕೊಟ್ಟು, ಮನೆಗೆ ಬಂದು ತಲೆ ಮೇಲೆ ಕೈ ಹೊತ್ತವರು ನನಗೇ ಮೂರು ಜನ ಗೊತ್ತು. ಇದಕ್ಕೊಂದು ದಾರಿ ಇದೆ. ಕೆಲವು ಗೇಮ್‌ಗಳಿಗೆ ಪಿಎಸ್4 ಆವೃತ್ತಿ, ಪಿಎಸ್5 ಆವೃತ್ತಿ ಎರಡೂ ನಿಮ್ಮ ಖಾತೆಯಲ್ಲಿ ಇರುತ್ತೆ. ಗೇಮಿನ ಹೆಸರಿನ ಪಕ್ಕದ ಮೂರು ಚುಕ್ಕೆ ಒತ್ತಿ ಪಿಎಸ್4 ಆವೃತ್ತಿ ಇಳಿಸಿಕೊಂಡ್ರೆ ಹಳೇ ಕಂಟ್ರೋಲರ್ ಎರಡನೇ ಆಟಗಾರನಿಗೆ ಸಾಕು. ಹುಲ್ಲು ಸ್ವಲ್ಪ ಮಸುಕಾಗಿ ಕಾಣಬಹುದು, ಗೋಲ್ ಗೋಲೇ.

ನಿಂಟೆಂಡೊ ಸ್ವಿಚ್ ವಿಷಯ ಬಂದ್ರೆ ನಾನು ಅಡಾಪ್ಟರ್ ಪಕ್ಷ. ಇಲ್ಲಿ ಬಾಗಿಲು ಅಷ್ಟು ಬಿಗಿ ಇಲ್ಲ. 2017ರ ಆ ಮೊದಲ ಸ್ವಿಚ್‌ಗೆ 8ಬಿಟ್‌ಡೋ ಕಂಪನಿಯ ಪುಟ್ಟ ಯುಎಸ್‌ಬಿ ಅಡಾಪ್ಟರ್ ಸಿಗಿಸಿದ್ರೆ ಪಿಎಸ್4, ಪಿಎಸ್5, ಬ್ಲೂಟೂತ್ ಇರೋ ಎಕ್ಸ್‌ಬಾಕ್ಸ್ ಕಂಟ್ರೋಲರ್ ಎಲ್ಲಾ ನಡೆಯುತ್ತೆ. ಸ್ವಿಚ್ ಸೆಟ್ಟಿಂಗ್ಸ್‌ನ ಕಂಟ್ರೋಲರ್ ವಿಭಾಗದಲ್ಲಿ ಪ್ರೋ ಕಂಟ್ರೋಲರ್ ವೈರ್ಡ್ ಕಮ್ಯುನಿಕೇಷನ್ ಅಂತ ಇದೆ, ಅದನ್ನ ಆನ್ ಮಾಡಿ. ಮಾಡದೇ ಅಡಾಪ್ಟರನ್ನ ಬೈಯ್ಯಬೇಡಿ.

ಬಟನ್ ಗೊಂದಲ ಒಂದು ಆಗೇ ಆಗುತ್ತೆ. ನಿಂಟೆಂಡೊದಲ್ಲಿ ಎ ಬಲಗಡೆ, ಬಿ ಕೆಳಗಡೆ. ಎಕ್ಸ್‌ಬಾಕ್ಸ್‌ನಲ್ಲಿ ಎ ಕೆಳಗಡೆ, ಬಿ ಬಲಗಡೆ. ಅಡಾಪ್ಟರ್ ನೋಡೋದು ಜಾಗವನ್ನ, ಹೆಸರನ್ನಲ್ಲ. ನನ್ನ ಅಕ್ಕನ ಮಗಳು ಪಿಎಸ್4 ಕಂಟ್ರೋಲರ್ ಹಿಡಿದು ಮಾರಿಯೋ ಕಾರ್ಟ್ ಆಡೋಕೆ ಕೂತಳು, ರೂಢಿ ಪ್ರಕಾರ ಕೆಳಗಿನ ಕ್ರಾಸ್ ಒತ್ತಿದಳು. ಅದು ಇಲ್ಲಿ ಬಿ, ಅಂದ್ರೆ ಬ್ರೇಕು. ಎಲ್ಲರ ಗಾಡಿ ಮುಂದೆ ಹೋದವು, ಇವಳದು ಹಿಂದಕ್ಕೆ ಹೊರಟಿತು. "ಮಾಮಾ, ಇದು ಕೆಟ್ಟೈತಿ" ಅಂತ ಕಂಟ್ರೋಲರ್ ನನ್ನ ತೊಡೆ ಮೇಲೆ ಒಗೆದಳು. ಬಲಗಡೆಯ ಸರ್ಕಲ್ ಒತ್ತು ಅಂತ ಹೇಳಿದಮೇಲೆ ಸರಿಹೋಯ್ತು, ಮೂರನೇ ಸುತ್ತಿಗೆ ನನ್ನನ್ನೇ ಹಿಂದೆ ಹಾಕಿದಳು.

ಎಲ್ಲಕ್ಕಿಂತ ಉದಾರ ಅಂದ್ರೆ ಕಂಪ್ಯೂಟರ್, ಆಮೇಲೆ ಫೋನು. ಕಂಪ್ಯೂಟರ್ ಗೇಮ್ ಮಾರೋ ಸ್ಟೀಮ್ 2016ರ ಕೊನೆಯಿಂದಲೇ ಡ್ಯುಯಲ್‌ಶಾಕ್ 4 ಒಪ್ಪಿಕೊಂಡಿದೆ. ಐಫೋನ್ ಆದ್ರೆ 2019ರ ಐಒಎಸ್ 13ರಿಂದ ಪಿಎಸ್4, ಎಕ್ಸ್‌ಬಾಕ್ಸ್ ಎರಡರದ್ದೂ ನಡೆಯುತ್ತೆ. ವೈರ್ ಹಾಕಿ ಆಡೋರಿಗೆ ಒಂದು ಮಾತು: ಮೂಲೆಯಲ್ಲಿ ಬಿದ್ದಿರೋ ಹಳೇ ಚಾರ್ಜರ್ ವೈರ್‌ಗಳಲ್ಲಿ ಎಷ್ಟೋ ಬರೀ ಕರೆಂಟ್ ಸಾಗಿಸುತ್ತವೆ, ಡೇಟಾ ಅಲ್ಲ. ಒಂದು ಇಡೀ ಸಂಜೆ ಲ್ಯಾಪ್‌ಟಾಪ್ ಮೂರು ಸಲ ರೀಸ್ಟಾರ್ಟ್ ಮಾಡಿ, ಡ್ರೈವರ್ ತೆಗೆದು ಹಾಕಿ, ಕೊನೆಗೆ ತಮ್ಮನ ಹಳೇ ಫೋನಿನ ವೈರ್ ಹಾಕಿದಾಗ ಎರಡು ಸೆಕೆಂಡಿಗೆ ಹತ್ತಿತು. ಇನ್ನೊಂದು, ಡ್ಯುಯಲ್‌ಶಾಕ್ 4 ಲ್ಯಾಪ್‌ಟಾಪ್‌ಗೆ ಜೋಡಿಯಾದ ಮೇಲೆ ಪಿಎಸ್4ನ್ನ ಮರೆತುಬಿಡುತ್ತೆ. ಹಾಳಾಯ್ತು ಅಂದುಕೊಳ್ಳಬೇಡಿ, ಡೇಟಾ ವೈರ್‌ನಿಂದ ಪಿಎಸ್4ಗೆ ಸಿಗಿಸಿ ಪಿಎಸ್ ಬಟನ್ ಒಂದು ಸಲ ಒತ್ತಿದ್ರೆ ಮತ್ತೆ ಮನೆಗೆ ಬರುತ್ತೆ.

ಹಾಗಾಗಿ ತಮ್ಮಾ, ಈ ಭಾನುವಾರವೇ ಆಡಬೇಕು, ಕಂಟ್ರೋಲರ್ ತಗೊಳ್ಳೋಕೆ ಈಗ ದುಡ್ಡಿಲ್ಲ ಅನ್ನೋದಾದ್ರೆ ನಿನ್ನ ಪಿಎಸ್4ನ್ನೇ ಚೀಲಕ್ಕೆ ಹಾಕಿಕೊಂಡು ಕಾಕಾನ ಮನೆಗೆ ಹೋಗು. ವೈರ್‌ಗಳ ಗಂಟು ಒಯ್ಯೋದೂ ಬೇಡ. ಸೀರೀಸ್ ಎಸ್ ಹಿಂದಿನ ಎಚ್‌ಡಿಎಂಐ ವೈರ್ ಕಿತ್ತು ಪಿಎಸ್4ಗೆ ಹಾಕು, ನಡೆಯುತ್ತೆ. ಕರೆಂಟ್ ವೈರ್ ಕೂಡ ಅದೇ, ಎರಡಕ್ಕೂ ಇಂಗ್ಲಿಷ್ ಎಂಟರ ಆಕಾರದ ಎರಡು ತೂತಿನ ಪಿನ್ನು. ಪಿಎಸ್4 ಪ್ರೋ ಆಗಿದ್ದರೆ ಮಾತ್ರ ಅದರ ವೈರ್ ಜೊತೆಗೆ ಒಯ್ಯಿ, ಅದರದ್ದು ದಪ್ಪ ಇರಬಹುದು. ಕಂಟ್ರೋಲರ್ ಚಾರ್ಜಿಗೆ ಒಂದು ಮೈಕ್ರೋ ಯುಎಸ್‌ಬಿ ಇಟ್ಕೋ. ಅದನ್ನ ಬೇಕಾದ್ರೆ ಎಕ್ಸ್‌ಬಾಕ್ಸ್‌ಗೇ ಸಿಗಿಸು, ಚಾರ್ಜ್ ಅಂತೂ ಮಾಡಿಕೊಡುತ್ತೆ.