ಶೂನ್ಯ ಇಂಧನ ತೂಕ

ಕೋಲಾರದ ಎಪಿಎಂಸಿಯಿಂದ ಟೊಮೆಟೊ ತುಂಬಿಕೊಂಡು ಹೊರಡುವ ಲಾರಿಯ ತೂಕದ ಚೀಟಿಯಲ್ಲಿ ಮೂರು ಅಂಕಿಗಳಿರುತ್ತವೆ: ಒಟ್ಟು ತೂಕ, ಖಾಲಿ ಗಾಡಿಯ ತೂಕ, ಅವೆರಡರ ವ್ಯತ್ಯಾಸವಾದ ಸರಕಿನ ತೂಕ. ಟ್ಯಾಂಕಿನ ಡೀಸೆಲ್ ಖಾಲಿ ತೂಕದಲ್ಲೇ ಸೇರಿಹೋಗುತ್ತದೆ. ಬೇರೆಯಾಗಿ ಲೆಕ್ಕ ಹಿಡಿಯಬೇಕಾದಷ್ಟು ಭಾರ ಅದಲ್ಲ. ವಿಮಾನದಲ್ಲಿ ಹಾಗಲ್ಲ. ಬೋಯಿಂಗ್ 737-800ರ ಟ್ಯಾಂಕುಗಳು ಭರ್ತಿಯಾದರೆ ಇಂಧನವೇ ಸುಮಾರು 20.9 ಟನ್; ಮೇಲೇರಲು ಅದಕ್ಕಿರುವ ಗರಿಷ್ಠ ಮಿತಿ ಸುಮಾರು 79 ಟನ್. ಆದ್ದರಿಂದ ಬಳಸುವ ಇಂಧನವನ್ನು ಬಿಟ್ಟು, ವಿಮಾನ, ಸಿಬ್ಬಂದಿ, ಪ್ರಯಾಣಿಕರು ಮತ್ತು ಸರಕನ್ನಷ್ಟೇ ಕೂಡಿಸಿದ ತೂಕಕ್ಕೆ ‘ಶೂನ್ಯ ಇಂಧನ ತೂಕ’ ಎಂಬ ಹೆಸರಿದೆ, ಅದಕ್ಕೊಂದು ಪ್ರತ್ಯೇಕ ಮಿತಿಯೂ ಇದೆ.

ಒಟ್ಟು ತೂಕಕ್ಕೆ ಮಿತಿ ಇದ್ದಮೇಲೆ ಇದೊಂದು ಏಕೆ? ಕ್ರೇಟುಗಳನ್ನು ಬಿದಿರ ಗಳುವಿನ ನಡುವೆ ತೂಗಿಹಾಕಿ ಇಬ್ಬರು ಎರಡು ತುದಿಗಳಿಗೆ ಹೆಗಲು ಕೊಟ್ಟರೆ ಗಳು ಬಾಗುತ್ತದೆ. ಅವೇ ಕ್ರೇಟುಗಳನ್ನು ಹೆಗಲುಗಳ ಹತ್ತಿರಕ್ಕೆ ಸರಿಸಿದರೆ, ಒಟ್ಟು ಭಾರ ಒಂದಿಷ್ಟೂ ಕಡಿಮೆಯಾಗದಿದ್ದರೂ, ಗಳು ನೆಟ್ಟಗಾಗುತ್ತದೆ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಗಳು, ಜನ ಮತ್ತು ಸರಕು ಇರುವುದು ನಡುವಿನ ಒಡಲಿನಲ್ಲಿ. ಒಡಲು ಭಾರವಾದಷ್ಟೂ ರೆಕ್ಕೆಗಳು ಮೇಲಕ್ಕೆ ಬಾಗಿ ಅವುಗಳ ಬುಡಕ್ಕೆ ಶ್ರಮ ಹೆಚ್ಚುತ್ತದೆ. ರೆಕ್ಕೆಯೊಳಗಿನ ಇಂಧನವೋ ಹೆಗಲ ಬಳಿಯ ಕ್ರೇಟಿನಂತೆ. ಅದರ ಭಾರ ಆ ಬಾಗನ್ನು ತಗ್ಗಿಸುತ್ತದೆ. ಇಂಧನ ಬರಿದಾಗುತ್ತ ಬಂದಂತೆ ಈ ಆಸರೆ ತಪ್ಪುವುದರಿಂದ, ಇಂಧನವೇ ಇಲ್ಲವೆಂದು ಭಾವಿಸಿ ಒಡಲಿಗೆ ಮಿತಿ ಹಾಕಿರುತ್ತಾರೆ. ಭಾರವೇ ಇನ್ನೊಂದು ಭಾರಕ್ಕೆ ಆಸರೆಯಾಗುವ ಈ ಏರ್ಪಾಡು ನನಗೆ ಬಹಳ ಸುಂದರವಾಗಿ ಕಾಣುತ್ತದೆ.

737-800ರಲ್ಲಿ ಈ ಮಿತಿ ಸುಮಾರು 62.7 ಟನ್. ಹಾರಲು ಸಜ್ಜಾದ ಬರಿಯ ವಿಮಾನ 41.4 ಟನ್ ತೂಗಿದರೆ ಜನ ಮತ್ತು ಸರಕಿಗೆ 21.3 ಟನ್ ಉಳಿಯುತ್ತದೆ. ಅಷ್ಟನ್ನೂ ಹೇರಿದರೆ 79 ಟನ್ ಮುಟ್ಟುವವರೆಗೆ 16.3 ಟನ್ ಇಂಧನಕ್ಕಷ್ಟೇ ಅವಕಾಶ. ದೂರದ ಊರಿಗೆಂದು ಟ್ಯಾಂಕುಗಳನ್ನು ಪೂರ್ತಿ ತುಂಬಿಸಿದರೆ 4.6 ಟನ್ ಹೊರೆಯನ್ನು ಇಳಿಸಬೇಕು. ಹದಿನೈದು ಕೆಜಿಯ ಟೊಮೆಟೊ ಕ್ರೇಟಿನ ಲೆಕ್ಕದಲ್ಲಿ ಅದು ಮುನ್ನೂರಕ್ಕೂ ಹೆಚ್ಚು ಕ್ರೇಟು. ದೇವನಹಳ್ಳಿಯಿಂದ ಚೆನ್ನೈಗೆ ಹೋಗುವಾಗ ಇಂಧನ ಕಡಿಮೆ ಸಾಕಾಗುವುದರಿಂದ 79 ಟನ್‌ನ ಮಿತಿ ದೂರವೇ ಉಳಿಯುತ್ತದೆ, ಹೊರೆಯನ್ನು ತಡೆಯುವುದು ಶೂನ್ಯ ಇಂಧನ ತೂಕ. ಆದರೂ ಅಲ್ಲಿ ಬೇಕೆಂದಷ್ಟು ಇಂಧನ ತುಂಬಿಸುವಂತಿಲ್ಲ: ಇಳಿಯುವಾಗಿನ ಗರಿಷ್ಠ ತೂಕ ಸುಮಾರು 66.4 ಟನ್ ಆದ್ದರಿಂದ, ಪೂರ್ಣ ಹೊರೆಯೊಂದಿಗೆ ನೆಲ ಮುಟ್ಟುವ ಹೊತ್ತಿಗೆ ಟ್ಯಾಂಕುಗಳಲ್ಲಿ ಮೂರೂವರೆ ಟನ್‌ಗಿಂತ ತುಸು ಹೆಚ್ಚು ಇಂಧನವಷ್ಟೇ ಉಳಿದಿರಬೇಕು.